ಕಿಟಕಿಯ ಮೇಲಿನ ದೂರು

ಮೋಡಪ್ಪ ಆ ದಿನ ಬೆಳಿಗ್ಗೆ ಕಿಟಕಿಯನ್ನು ಬೈಯದೆ ಸುಮ್ಮನೆ ಕೂತಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ದಿನಾ ಬೈದು ರೂಢಿ. ದಿಂಬಿನ ಕಾರ್ಖಾನೆಯೊಳಗೆ ಕಾಲಿಟ್ಟವನೇ ತನ್ನ ಮೇಜಿನ ಮುಂದೆ ಕೂತು, ಸೂಜಿಗೆ ದಾರ ಪೋಣಿಸುತ್ತಾ, ಯಜಮಾನರ ಕೋಣೆಗೆ ಕೇಳಿಸುವಷ್ಟು ದನಿಯಲ್ಲಿ, "ಥೂ, ಏನು ಬಿಸಿಲು, ಏನು ಧೂಳು. ಈ ದರಿದ್ರ ಕಿಟಕಿ ಪಕ್ಕ ಮನುಷ್ಯ ಕೂರೋದಾ?" ಎಂದ. ಅಂದು ಮುಗಿಸಿ, ಯಾರೂ ಗಮನಿಸುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಅದೇ ಕಿಟಕಿಯತ್ತ ಹೊಸದಾಗಿ ಮದುವೆಯಾದವನ ಹಾಗೆ ಕಳ್ಳನೋಟ ಹರಿಸಿ ನಕ್ಕ.

ಅವನ ನಿಜವಾದ ಹೆಸರು ಹಾಜರಿ ಹಾಕುವವರಿಗೂ ಮರೆತುಹೋಗಿತ್ತು. ಕಣ್ಣು ಯಾವಾಗಲೂ ಆಕಾಶದ ಕಡೆ ಇರುತ್ತದೆಂದು ಮೋಡಪ್ಪ ಎಂದು ಕರೆದರು, ಅದೇ ನಿಂತುಬಿಟ್ಟಿತು. ಹತ್ತಿ ತುಂಬಿ ಬಂದ ದಿಂಬಿನ ತೆರೆದ ಬಾಯನ್ನು ಕೈಯಲ್ಲಿ ಹೊಲಿದು ಮುಚ್ಚುವುದು ಅವನ ಕೆಲಸ. ಅದಕ್ಕೆ ಕೈ ಬೇಕು, ತಲೆ ಬೇಡ. ತಲೆಯನ್ನು ಅವನು ಕಿಟಕಿಯಾಚೆಗೆ ಕಳಿಸಿಬಿಡುತ್ತಿದ್ದ.

ಕಿಟಕಿಯಾಚೆ ಇದ್ದದ್ದಾದರೂ ಏನು? ಬಟ್ಟೆ ಒಗೆಯುವ ಅಂಗಡಿಯ ಹಿತ್ತಲು, ಅಷ್ಟೆ. ಹೋಟೆಲುಗಳಿಂದ ಬಂದ ಬಿಳಿ ಹೊದಿಕೆಗಳನ್ನು ಅಲ್ಲಿ ಹಗ್ಗದ ಮೇಲೆ ಸಾಲಾಗಿ ಹರವುತ್ತಿದ್ದರು. ಗಾಳಿ ಬೀಸಿತೋ, ಅಷ್ಟೂ ಹೊದಿಕೆಗಳು ಒಟ್ಟಿಗೆ ಉಬ್ಬಿ ನಿಲ್ಲುತ್ತಿದ್ದವು, ಹಿತ್ತಲು ಹಡಗಾಗುತ್ತಿತ್ತು. ಮೋಡಪ್ಪ ಹುಟ್ಟಿದಾರಭ್ಯ ಸಮುದ್ರ ಕಂಡವನಲ್ಲ. ಹಾಗಾಗಿ ಅವನ ಸಮುದ್ರಕ್ಕೆ ದಡವೂ ಇರಲಿಲ್ಲ. ಕೈ ದಿಂಬು ಹೊಲಿಯುತ್ತಿದ್ದರೆ ಅವನು ಎಲ್ಲೆಲ್ಲೋ ತೇಲಿ, ಹೆಸರಿಲ್ಲದ ಊರುಗಳಲ್ಲಿ ಇಳಿದು, ಊಟದ ಗಂಟೆಗೆ ಸರಿಯಾಗಿ ವಾಪಸು ಬರುತ್ತಿದ್ದ. ಮನೆಯಲ್ಲಿ ಅವನಿಗೆ ಈ ಸೌಕರ್ಯವಿರಲಿಲ್ಲ. ಅಲ್ಲಿದ್ದ ಒಂದೇ ಕಿಟಕಿ ಪಕ್ಕದ ಮನೆಯ ಗೋಡೆಗೆ ತೆರೆಯುತ್ತಿತ್ತು. ಒಳಗೆ ಹೆಂಡತಿ, ಅತ್ತೆ, ಮಕ್ಕಳು, ಸದಾ ಅರಚುವ ಟೀವಿ. ಇಡೀ ಬದುಕಿನಲ್ಲಿ ಅವನದು ಅಂತ ಹೇಳಿಕೊಳ್ಳಲು ಇದ್ದದ್ದು ಕಾರ್ಖಾನೆಯ ಆ ಕಿಟಕಿ ಒಂದೇ.

ಅಂಥದ್ದನ್ನು ಯಾಕೆ ಬೈಯಬೇಕು ಅಂದರೆ, ಅದು ಯಜಮಾನರ ದೆಸೆಯಿಂದ. ಯಜಮಾನರು ಒಳ್ಳೆಯವರು, ಯಾರಿಗೂ ಕೇಡು ಬಗೆದವರಲ್ಲ. ಆದರೆ ಕೆಲಸದವರು ಯಾವುದನ್ನಾದರೂ ಇಷ್ಟಪಟ್ಟರೆಂದು ತಿಳಿದರೆ ಸಾಕು, ಅದನ್ನು ಕಿತ್ತುಕೊಂಡು ಬಹುಮಾನ ಮಾಡಿಬಿಡುತ್ತಿದ್ದರು. ಹತ್ತಿ ತುಂಬುವ ಅಕ್ಕ ಒಮ್ಮೆ ಬಾಯಿತಪ್ಪಿ, ಈ ಕುರ್ಚಿ ಎಷ್ಟು ಹಾಯಾಗಿದೆ ಎಂದಿದ್ದಳು. ಮರುದಿನ ಕುರ್ಚಿಗೆ ರಿಬ್ಬನ್ ಕಟ್ಟಿ ಬಾಗಿಲ ಬಳಿ ಇಟ್ಟಿದ್ದರು. ವಾರದ ಶ್ರೇಷ್ಠ ಕೆಲಸಗಾರರು ಮಾತ್ರ ಅದರಲ್ಲಿ ಕೂರಬಹುದಂತೆ. ಅಲ್ಲಿಂದ ಕೈಗೆ ಹತ್ತಿಯೇ ಎಟುಕುತ್ತಿರಲಿಲ್ಲವಾದ್ದರಿಂದ ಕೂತವರು ಮುಂದಿನ ವಾರ ಎಲ್ಲರಿಗಿಂತ ಹಿಂದೆ ಬೀಳುತ್ತಿದ್ದರು. ಅಕ್ಕನಿಗೆ ಮುಕ್ಕಾಲಿಯೇ ಗತಿಯಾಯಿತು.

ಆವತ್ತಿನಿಂದ ಅಲ್ಲಿ ಒಂದು ಕಟ್ಟುಪಾಡು ತಾನಾಗಿ ಬೆಳೆಯಿತು. ಯಾರಿಗೆ ಯಾವುದು ಪ್ರಾಣವೋ ಅದನ್ನು ಅವರು ದಿನಾ ಬೈಯುವುದು. ಅಕ್ಕ ರೇಡಿಯೋವನ್ನು ಬೈಯುತ್ತಿದ್ದಳು. ಬಟ್ಟೆ ಕತ್ತರಿಸುವ ಅಣ್ಣ ತನ್ನ ತಲೆಯ ಮೇಲಿನ ಫ್ಯಾನನ್ನು ಬೈಯುತ್ತಿದ್ದ. ಇಬ್ಬರೂ ಸೇರಿ ಹತ್ತು ಗಂಟೆಯ ಟೀಯನ್ನು ಬೈಯುತ್ತಾ ಎರಡೆರಡು ಲೋಟ ಕುಡಿಯುತ್ತಿದ್ದರು. ಒಳಗಿನವರಿಗೆ ಇದರ ಮರ್ಮ ಗೊತ್ತಿತ್ತು. ಹೊಸಬರು ಬಂದು ಕೇಳಿಸಿಕೊಂಡರೆ ಮಾತ್ರ ಇದು ಕಾರ್ಖಾನೆಯಲ್ಲ, ನರಕ ಎಂದೇ ತಿಳಿಯಬೇಕು.

ಆ ದಿನ ಯಜಮಾನರ ಬೆನ್ನ ಹಿಂದೆ ಒಬ್ಬ ಹೊಸಬರು ನಿಂತಿದ್ದರು. ಕೆಲಸದವರಲ್ಲಿ ಹುರುಪು ಹುಟ್ಟಿಸುವ ವಿದ್ಯೆಯಲ್ಲಿ ಪಂಡಿತರಂತೆ, ಊರೂರು ಸುತ್ತಿ ಪಾಠ ಹೇಳುವವರಂತೆ. ಮಧ್ಯಾಹ್ನದೊಳಗೆ ಅವರಿಗೆ ಹುರುಪಿನ ಮೇಷ್ಟ್ರು ಎಂಬ ಹೆಸರು ಬಿದ್ದಾಗಿತ್ತು. ಮೋಡಪ್ಪ ಕಿಟಕಿಯನ್ನು ಬೈದದ್ದನ್ನು ಅವರು ಕಿವಿಯಾರೆ ಕೇಳಿ, ಲೊಚಗುಟ್ಟಿ, ಪಾಪ ಎಂದರು.

ಎಲ್ಲರನ್ನೂ ಹತ್ತಿಯ ಮೂಟೆಗಳ ಮೇಲೆ ಕೂರಿಸಿ ಮೇಷ್ಟ್ರು ಪಾಠ ಶುರುಮಾಡಿದರು. ಮನುಷ್ಯನ ಆಸೆಗಳು ಮೆಟ್ಟಿಲುಗಳಂತೆ ಇವೆ ಎಂದರು. ಕೆಳಗೆ ಹೊಟ್ಟೆ, ಅದರ ಮೇಲೆ ಸೂರು, ಅದರ ಮೇಲೆ ನಾಲ್ಕು ಜನರ ಒಡನಾಟ, ಅದರ ಮೇಲೆ ಮರ್ಯಾದೆ, ತುತ್ತತುದಿಯಲ್ಲಿ ತಾನು ಏನಾಗಬಲ್ಲೆನೋ ಅದಾಗುವ ಸುಖ. ಕತ್ತರಿ ಅಣ್ಣ ನಾವು ಎಷ್ಟನೇ ಮೆಟ್ಟಿಲಲ್ಲಿದ್ದೇವೆ ಎಂದು ಕೇಳಿದ. ಮೆಟ್ಟಿಲ ಕೆಳಗೆ ಚಪ್ಪಲಿ ಬಿಡುವ ಜಾಗದಲ್ಲಿ ಎಂದು ಅಕ್ಕ ಪಿಸುಗುಟ್ಟಿದಳು. ಹತ್ತಿಯ ಎಳೆಗಳು ಬಿಸಿಲಿನಲ್ಲಿ ಮೆಲ್ಲಗೆ ತೇಲುತ್ತಿದ್ದವು, ಮೇಷ್ಟ್ರ ದನಿಯೂ ಅವುಗಳ ಜೊತೆ ತೇಲುತ್ತಿತ್ತು. ಮೂಟೆ ಮೆತ್ತಗಿತ್ತು. ಮೋಡಪ್ಪ ಅರ್ಧ ದಾರಿ ಹೋಗಿಬಿಟ್ಟಿದ್ದ.

ಹಿಂದಕ್ಕೆ ಎಳೆದು ತಂದದ್ದು ಎರಡನೆಯ ಪಾಠ. ಚಪ್ಪಲಿಯೊಳಗಿನ ಕಲ್ಲು ತೆಗೆದ ಮಾತ್ರಕ್ಕೆ ಮನುಷ್ಯ ಕುಣಿಯುವುದಿಲ್ಲ, ಆದರೆ ಕಲ್ಲು ಇರುವ ತನಕ ಕುಣಿತದ ಮಾತೇ ಇಲ್ಲ ಎಂದರು ಮೇಷ್ಟ್ರು. ಮೊದಲು ಕಿರಿಕಿರಿಗಳನ್ನು ಕಿತ್ತುಹಾಕಿ, ಹುರುಪು ಆಮೇಲೆ ತುಂಬೋಣ. ಯಾರಿಗೆ ಏನು ತೊಂದರೆ ಇದೆಯೋ ಧೈರ್ಯವಾಗಿ ಹೇಳಿ ಎಂದು ಒಬ್ಬೊಬ್ಬರನ್ನೇ ಕೇಳಿದರು.

ಯಜಮಾನರು ಎದುರಿಗೇ ಕೂತಿದ್ದಾರೆ. ಬಾಯಿ ತನ್ನ ರೂಢಿ ಬಿಡುತ್ತದೆಯೇ? ರೇಡಿಯೋದಿಂದ ತಲೆನೋವು ಎಂದಳು ಅಕ್ಕ. ಫ್ಯಾನಿನ ಗಾಳಿಗೆ ಕುತ್ತಿಗೆ ಹಿಡಿಯುತ್ತದೆ ಎಂದ ಅಣ್ಣ. ಟೀ ಕುಡಿದರೆ ಹೊಟ್ಟೆ ಉರಿ ಎಂದು ಇಬ್ಬರೂ ರಾಗ ಎಳೆದರು. ಮೋಡಪ್ಪನನ್ನು ಮೇಷ್ಟ್ರು ಕೇಳಲೇ ಇಲ್ಲ. ನಿಮ್ಮದು ನನಗೆ ಗೊತ್ತು ಎಂಬಂತೆ ಅವನ ಭುಜ ತಟ್ಟಿ ಮುಂದೆ ಹೋದರು.

ಊಟದ ಹೊತ್ತಿಗೆ ರೇಡಿಯೋ ಇದ್ದ ಕಪಾಟು ಖಾಲಿಯಾಗಿತ್ತು. ಫ್ಯಾನು ಇದ್ದ ಜಾಗದಲ್ಲಿ ಕೊಕ್ಕೆ ಮಾತ್ರ ನೇತಾಡುತ್ತಿತ್ತು. ಟೀ ತರುವವನಿಗೆ ಇನ್ನು ಈ ಕಡೆ ಬರಬೇಡ ಎಂದು ಹೇಳಿ ಕಳಿಸಿದ್ದರು. ಕತ್ತರಿ ಅಣ್ಣ ಬೆವರು ಒರೆಸಿಕೊಳ್ಳುತ್ತಾ ಮೇಷ್ಟ್ರ ವಂಶವನ್ನೆಲ್ಲ ಸದ್ದಿಲ್ಲದೆ ಸ್ಮರಿಸುತ್ತಿದ್ದ. ಅಷ್ಟರಲ್ಲಿ ಬಡಗಿ ಒಂದು ದೊಡ್ಡ ಹಲಗೆ ಹೊತ್ತು ಬಂದು, ಮುಚ್ಚಬೇಕಾದ ಕಿಟಕಿ ಯಾವುದು ಎಂದು ಮೋಡಪ್ಪನನ್ನೇ ವಿಚಾರಿಸಿದ.

ಮೋಡಪ್ಪ ಬಡಗಿಯನ್ನು ಮೊದಲು ಊಟ ಮಾಡಿಕೊಂಡು ಬನ್ನಿ ಎಂದು ಸಾಗಹಾಕಿ, ಅಕ್ಕನ ಹತ್ತಿರ ಓಡಿದ.

"ನಿಜ ಹೇಳಿಬಿಡಲಾ ಅಕ್ಕ?"

"ಹೇಳಿದ್ರೆ ರಿಬ್ಬನ್ನು, ಹೇಳದಿದ್ರೆ ಹಲಗೆ," ಎಂದಳು ಅಕ್ಕ. "ನಿನಗೆ ಯಾವುದು ಬೇಕೋ ನೋಡ್ಕೋ."

ನಡುವೆ ಬಾಯಿ ಹಾಕಿದವನು ಕತ್ತರಿ ಅಣ್ಣ. ಕರೆಯದಿದ್ದರೂ ಬಂದು ಸಲಹೆ ಕೊಡುವುದರಲ್ಲಿ ಅವನಿಗೆ ಸಾಟಿಯಿಲ್ಲ. ಕಿಟಕಿ ಕಂಡರೆ ನಿನಗೆ ಸಿಟ್ಟು, ಆ ಸಿಟ್ಟಿಗೇ ಕೈ ಬೇಗಬೇಗ ಓಡುತ್ತದೆ ಅಂತ ಹೇಳು ಎಂದು ಹೇಳಿಕೊಟ್ಟ. ಕಿಟಕಿಯೂ ಉಳಿಯುತ್ತದೆ, ಬಹುಮಾನವೂ ಆಗುವುದಿಲ್ಲ. ಸಿಟ್ಟು ಬರಿಸುವುದನ್ನು ಯಾರು ತಾನೇ ಬಹುಮಾನವಾಗಿ ಕೊಡುತ್ತಾರೆ? ಮೋಡಪ್ಪನಿಗೆ ಅದು ದೇವರೇ ಆಡಿಸಿದ ಮಾತಿನಂತೆ ಕಂಡಿತು. ಹೋಗಿ ಹಾಗೆಯೇ ಒಪ್ಪಿಸಿದ.

ಮೇಷ್ಟ್ರ ಮುಖ ಅರಳಿತು. ಸಿಟ್ಟಿನಿಂದಲೂ ಹುರುಪು ಹುಟ್ಟುತ್ತದೆಂದು ತಾನು ಬಹಳ ದಿನದಿಂದ ಅನುಮಾನಪಟ್ಟಿದ್ದೆ, ಆದರೆ ಪರೀಕ್ಷಿಸಲು ಆಳು ಸಿಕ್ಕಿರಲಿಲ್ಲ ಎಂದರು. ಈಗ ಕಿಟಕಿ ಮುಚ್ಚೋಣ, ನಿಮ್ಮ ಕೈ ನಿಧಾನವಾದರೆ ನನ್ನ ಅನುಮಾನ ನಿಜ. ಊಟ ಮುಗಿಸಿ ಬಂದ ಬಡಗಿ ಹಲಗೆ ಎತ್ತಿ ಹಿಡಿದು ಪಟಪಟನೆ ಮೊಳೆ ಹೊಡೆದ. ಹೊದಿಕೆಗಳು, ಹಿತ್ತಲು, ಆಕಾಶ ಎಲ್ಲ ಒಂದು ಗೀರಿಗೆ ಇಳಿದು, ಆಮೇಲೆ ಅದೂ ಹೋಯಿತು.

ಮೋಡಪ್ಪ ಹಲಗೆಯ ಮುಂದೆ ಕೂತ. ಹೊರಗೆ ಹೋಗಲು ದಾರಿ ಕಾಣದೆ ತಲೆ ಈಗ ಕೈಯ ಹತ್ತಿರವೇ ಉಳಿದುಬಿಟ್ಟಿತ್ತು. ಅದು ಕೈಗೆ ಅಭ್ಯಾಸವಿರಲಿಲ್ಲ. ಎಷ್ಟೋ ವರ್ಷದಿಂದ ತಾನಾಗಿ ಓಡುತ್ತಿದ್ದ ಸೂಜಿಯನ್ನು ಅವನು ಇವತ್ತು ಮೊದಲ ಸಲ ನೋಡಿದ, ನೋಡಿದ್ದೇ ತಡ ಅದು ಬೆರಳಿಗೆ ಚುಚ್ಚಿತು. ಒಂದು ದಿಂಬಿನ ಬಾಯಿ ಹೊಲಿಯುವ ಬದಲು ಎರಡು ದಿಂಬುಗಳನ್ನು ಒಂದಕ್ಕೊಂದು ಗಂಟುಹಾಕಿದ. ಹಲಗೆಯಾಚೆ ಗಾಳಿ ಎದ್ದ ಸದ್ದು ಕೇಳಿಸಿತು, ಹೊದಿಕೆಗಳು ಪಟಪಟ ಬಡಿದುಕೊಂಡವು. ಈಗ ಅವೆಲ್ಲ ಉಬ್ಬಿ ನಿಂತಿರಬೇಕು, ತನ್ನನ್ನು ಬಿಟ್ಟು ಹೊರಟಿರಬೇಕು ಅನ್ನಿಸಿ ಅವನ ಕಣ್ಣು ಮಂಜಾಯಿತು. ಆ ಮಂಜಿನಲ್ಲೇ ನಾಲ್ಕು ಹೊಲಿಗೆ ಹಾಕಿ ಎದ್ದು ನಿಂತರೆ ದಿಂಬೂ ಜೊತೆಗೇ ಎದ್ದಿತು. ಅಂಗಿಯ ತೋಳನ್ನು ಅದಕ್ಕೆ ಸೇರಿಸಿ ಗಟ್ಟಿಯಾಗಿ ಹೊಲಿದಿದ್ದ.

ಬಿಚ್ಚಲು ಅಕ್ಕ ಬಂದಳು, ಕತ್ತರಿ ಹಿಡಿದು ಅಣ್ಣ ಬಂದ. ಇಬ್ಬರೂ ಸೇರಿ ಯಾವ ದಾರ ಕತ್ತರಿಸಬೇಕೆಂದು ಜಗಳವಾಡಿ ಕೊನೆಗೆ ದಿಂಬನ್ನೇ ಕತ್ತರಿಸಿದರು. ಹತ್ತಿ ಭುಸ್ಸನೆ ಎದ್ದು ಕಾರ್ಖಾನೆಯೆಲ್ಲ ತುಂಬಿತು. ಆ ಬಿಳಿಯ ಮಬ್ಬಿನೊಳಗಿಂದ ಯಜಮಾನರೂ ಮೇಷ್ಟ್ರೂ ಕೆಮ್ಮುತ್ತಾ ಬಂದರು. ಮೋಡಪ್ಪನ ಮೀಸೆ, ಹುಬ್ಬು ಎಲ್ಲ ಬೆಳ್ಳಗಾಗಿದ್ದವು. ಅರ್ಧ ದಿಂಬು ಇನ್ನೂ ತೋಳಿಗೆ ಜೋತುಬಿದ್ದಿತ್ತು. ಇನ್ನು ತಡೆಯುವುದು ಅವನಿಂದಾಗಲಿಲ್ಲ.

"ಸಾರ್, ಇಷ್ಟು ದಿನ ನಾನು ಸುಳ್ಳು ಹೇಳ್ತಿದ್ದೆ. ಆ ಕಿಟಕಿ ಇದೆ ಅಂತಲೇ ನಾನು ಬೆಳಿಗ್ಗೆ ಎದ್ದು ಬರೋದು. ಗಾಳಿ ಬಂದಾಗ ಅಲ್ಲಿ ಬಟ್ಟೆಗಳೆಲ್ಲ ಉಬ್ಬಿ, ಹಡಗು ಹೊರಟ ಹಾಗಾಗುತ್ತೆ. ನಾನೂ ಹೋಗ್ತೀನಿ. ಸಂಜೆ ಹೊತ್ತಿಗೆ ಎಷ್ಟು ದಿಂಬು ಹೊಲಿದೆ ಅಂತ ನನಗೇ ಗೊತ್ತಿರಲ್ಲ. ಹಲಗೆ ತೆಗೆಸಿ ಸಾರ್. ಬಹುಮಾನ ಮಾತ್ರ ಮಾಡಬೇಡಿ. ನಾನು ಯಾವತ್ತೂ ಫಸ್ಟ್ ಬಂದವನಲ್ಲ."

ಯಜಮಾನರ ಕಣ್ಣು ಆಗಲೇ ಮಿನುಗತೊಡಗಿತ್ತು, ರಿಬ್ಬನ್ ಎಲ್ಲಿ ಕಟ್ಟುವುದೆಂದು ಹಲಗೆಯ ಮೇಲೆ ಜಾಗ ಹುಡುಕುತ್ತಿತ್ತು. ಮೇಷ್ಟ್ರು ಕೈಯೆತ್ತಿ ಅವರನ್ನು ತಡೆದರು. ತಾನು ಸ್ವತಃ ಕೂತು ನೋಡದೆ ಏನೂ ಹೇಳಲಾರೆ ಎಂದರು. ಬಡಗಿ ಗೊಣಗುತ್ತಾ ಮೊಳೆ ಕಿತ್ತ, ಹಲಗೆ ಇಳಿಯಿತು, ಮೇಷ್ಟ್ರು ಮೋಡಪ್ಪನ ಜಾಗದಲ್ಲಿ ಕೂತರು.

ಹೊರಗೆ ಇಳಿಬಿಸಿಲು. ಹೊದಿಕೆಗಳಿಗೆ ಕೇಸರಿಯ ಅಂಚು ಬಂದಿತ್ತು. ಮೊದಲು ಒಂದು ಅಲುಗಿತು, ಆಮೇಲೆ ಪಕ್ಕದ್ದು, ಆಮೇಲೆ ಅಷ್ಟೂ ಸಾಲು ಉಸಿರು ತುಂಬಿಕೊಂಡು ಎದ್ದು ನಿಂತಿತು. ಮೇಷ್ಟ್ರ ಕೈಯಲ್ಲಿದ್ದ ಪೆನ್ನು ನೆಲಕ್ಕೆ ಬಿತ್ತು, ಅವರು ಎತ್ತಿಕೊಳ್ಳಲಿಲ್ಲ. ಭುಜ ಸಡಿಲವಾಯಿತು. ಊರೂರಿನ ಬಸ್ಸಿನಲ್ಲಿ ಸುತ್ತಿ ಸುತ್ತಿ ಗಂಟಿಕ್ಕಿಕೊಂಡಿದ್ದ ಹುಬ್ಬು ಬಿಚ್ಚಿಕೊಂಡಿತು. ಹಾರಿದ ಹತ್ತಿ ಇನ್ನೂ ಕೆಳಗಿಳಿಯುತ್ತಲೇ ಇತ್ತು, ಅವರ ತಲೆಯ ಮೇಲೆ, ಮಡಿಲಲ್ಲಿ, ಸುತ್ತ ನಿಂತವರ ಮೇಲೆ. ಎಲ್ಲರೂ ಹಾಗೆಯೇ ನಿಂತಿದ್ದರು. ಬಡಗಿ ಕೂಡ ಸುತ್ತಿಗೆ ಹಿಡಿದುಕೊಂಡೇ ಹೊರಗೆ ನೋಡುತ್ತಾ ಮೈಮರೆತಿದ್ದ.

ಕೊನೆಗೆ ಮೇಷ್ಟ್ರು ಬೇರೆ ಯಾರದೋ ಅನ್ನಿಸುವಂಥ ಮೆಲುದನಿಯಲ್ಲಿ ಮಾತಾಡಿದರು. ಯಜಮಾನರೇ, ಇದನ್ನು ಬಹುಮಾನ ಮಾಡುವ ಹಾಗಿಲ್ಲ. ಸುಖಕ್ಕೆ ಬಹುಮಾನ ಅಂತ ಹೆಸರಿಟ್ಟ ಕೂಡಲೇ ಅದು ಸತ್ತುಹೋಗುತ್ತದೆ, ಮನುಷ್ಯ ಕೆಲಸ ಬಿಟ್ಟು ಬಹುಮಾನದ ಕಡೆ ನೋಡುತ್ತಾ ಕೂರುತ್ತಾನೆ. ನಿಮ್ಮ ಕುರ್ಚಿಯ ರಿಬ್ಬನ್ನನ್ನೂ ಬಿಚ್ಚಿಸಿ. ರೇಡಿಯೋ, ಫ್ಯಾನು, ಟೀ ಎಲ್ಲ ವಾಪಸು ತರಿಸಿ. ನನ್ನ ಇಷ್ಟು ವರ್ಷದ ಪಾಠದಲ್ಲಿ ಇದನ್ನು ನಾನು ಇವತ್ತು ಕಲಿತೆ ಎಂದರು.

ಯಜಮಾನರು ಆಗಲಿ ಎಂದು ತಲೆಯಾಡಿಸಿದರು. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಕತ್ತರಿ ಅಣ್ಣ ತನ್ನ ಸಲಹೆಯಿಂದಲೇ ಇದೆಲ್ಲ ಆಯಿತೆಂದು ಬಡಗಿಗೆ ವಿವರಿಸತೊಡಗಿದ. ಮೋಡಪ್ಪನ ಸಂತೋಷ ಹೇಳತೀರದು. ಇನ್ನು ನಾಳೆಯಿಂದ ಬೈಯುವ ಕೆಲಸವೂ ಇಲ್ಲ, ಕದ್ದು ನೋಡುವ ಕೆಲಸವೂ ಇಲ್ಲ. ಮೇಷ್ಟ್ರು ಏಳಲಿ ಎಂದು ಸೂಜಿದಾರ ಹಿಡಿದು ಪಕ್ಕದಲ್ಲಿ ಕಾದು ನಿಂತ.

ಮೇಷ್ಟ್ರು ಏಳಲಿಲ್ಲ. ಯಜಮಾನರು ಅವರ ಪಕ್ಕ ಬಂದು ಬಾಗಿ ನಿಂತರು. ನಿಮ್ಮಂಥವರು ಇಲ್ಲಿ ಖಾಯಂ ಆಗಿ ಉಳಿಯಬೇಕು ಎಂದು ಬೆಳಿಗ್ಗೆಯಿಂದ ಬೇಡುತ್ತಿದ್ದೇನೆ, ನೀವೋ ಎಷ್ಟು ಸಂಬಳ ಕೊಟ್ಟರೂ ಒಂದು ಕಡೆ ಕೂರುವವನಲ್ಲ ಅನ್ನುತ್ತೀರಿ ಎಂದು ಹಲುಬಿದರು.

"ನೀವು ಉಳ್ಕೊಳ್ಳೋದಕ್ಕೆ ಏನು ಬೇಕು, ಅದೊಂದು ಹೇಳಿ ಮೇಷ್ಟ್ರೇ."

ಮೇಷ್ಟ್ರು ಹೊದಿಕೆಗಳಿಂದ ಕಣ್ಣು ಕೀಳದೆ ಹೇಳಿದರು. "ಇನ್ನೇನೂ ಬೇಡ. ಈ ಜಾಗ ಸಾಕು."

ಮೋಡಪ್ಪನ ಮೇಜನ್ನು ಆಗಿಂದಾಗಲೇ ಎತ್ತಿ ಉಗ್ರಾಣದ ಗೋಡೆಯ ಪಕ್ಕ ಹಾಕಿದರು. ಬೇರೆ ಕೆಲಸವಿಲ್ಲದ ಬಡಗಿಯೇ ಒಂದು ಕಡೆ ಹಿಡಿದ. ತೋಳಿನಲ್ಲಿ ಅರ್ಧ ದಿಂಬು ನೇತಾಡಿಸಿಕೊಂಡು ಗೋಡೆಯನ್ನೇ ನೋಡುತ್ತಾ ಕೂತವನನ್ನು ಕಂಡು ಮೇಷ್ಟ್ರಿಗೂ ಕರುಳು ಚುರುಕ್ಕೆಂದಿತು. ಎಷ್ಟೆಂದರೂ ಮನುಷ್ಯರ ಮನಸ್ಸು ಓದಿದವರು. ಹತ್ತಿರ ಬಂದು ಅವನ ಬೆನ್ನ ಮೇಲೆ ಕೈಯಿಟ್ಟರು.

"ಬೇಜಾರು ಮಾಡ್ಕೋಬೇಡಿ. ಹಡಗು ಎಲ್ಲಿಗೆ ಹೋಯ್ತು, ಏನು ಕಾಣ್ತು ಅಂತ ಸಂಜೆ ಹೊತ್ತು ನಾನೇ ಬಂದು ನಿಮಗೆ ಹೇಳ್ತೀನಿ. ದಿಂಬು ಜಾಸ್ತಿ ಹೊಲಿದ ದಿನ ಮಾತ್ರ."