ಮುದುಕಿ ಹಗ್ಗ ಬಿಟ್ಟಳೋ, ಇಲ್ಲೋ?

ಈ ಎಲ್ಲ ಅನಾಹುತಕ್ಕೂ ಮೂಲ ಜಗದೇವಪ್ಪ ಮಾಸ್ತರರ ಗಡ್ಡದ ಬ್ಲೇಡು. ಬೇಸಿಗೆ ರಜೆ ಶುರುವಾದ ದಿನ ಅವರು ಅದೇ ಬ್ಲೇಡಿನಿಂದ ಶಾಲೆಯ ಕತೆ ಪುಸ್ತಕಗಳ ಕೊನೆಯ ಹಾಳೆಗಳನ್ನೆಲ್ಲ ಕೊಯ್ದು ತೆಗೆದರು.

ಕಾರಣವಿಲ್ಲದೆ ಕೊಯ್ದಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಮಟಕಿ ಊರಿನ ಮಕ್ಕಳಿಗೆ ಓದಲು ಕೊಟ್ಟ ಪುಸ್ತಕಗಳು ಬೀಸಣಿಕೆಯಾಗಿ, ಕೊಡದ ಮುಚ್ಚಳವಾಗಿ ಸೇವೆ ಸಲ್ಲಿಸಿ ಮರಳಿದ್ದವು. ಜೂನ್‌ನಲ್ಲಿ ಆಳಂದದಿಂದ ಶಾಲಾ ಇನ್‌ಸ್ಪೆಕ್ಟರರು ಬಂದಾಗ ನಾಲ್ಕನೇ ತರಗತಿಯ ಮಕ್ಕಳು ಕರಿಹಲಗೆಯ ಮುಂದೆ, ಅತ್ತೆಯ ಮುಂದೆ ನಿಂತ ಹೊಸ ಸೊಸೆಯಂತೆ ತಲೆ ತಗ್ಗಿಸಿದ್ದರು. ಒಂದು ಸಾಲು ಓದುವವರಿರಲಿಲ್ಲ.

“ಬರೋ ವರ್ಷನೂ ಹಿಂಗೇ ಆದ್ರ, ನಿಮ್ಮನ್ನ ಜೇವರ್ಗಿ ಆಚಿ ಬಸ್ಸೇ ಹೋಗದ ಊರಿಗೆ ಹಾಕ್ತೇನಿ ನೋಡ್ರಿ” ಎಂದು ಹೇಳಿ ಹೋಗಿದ್ದರು ಸಾಹೇಬರು.

ಅದಕ್ಕೇ ಈ ಉಪಾಯ. ಪುಸ್ತಕ ಒಯ್ದು ಓದಿ, ಮಾಸ್ತರರ ಮನೆಗೆ ಬಂದು ಕತೆ ಹೇಳಿದ ಮಕ್ಕಳಿಗೆ ಮಾತ್ರ ಕೊನೆಯ ಹಾಳೆ. ಮಾಸ್ತರರು ಹಾಳೆಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಗೋಡೆಯ ಮಾಡದಲ್ಲಿಟ್ಟು ಕಾದರು. ವಾರ ಕಳೆದರೂ ಒಂದು ನರಪಿಳ್ಳೆಯೂ ಬರಲಿಲ್ಲ. ಪಾಪ, ಇನ್ನೂ ಓದುತ್ತಿರಬೇಕು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಅಂತೂ ಒಂದು ಮುಂಜಾನೆ ಬಂದವರು ಮಕ್ಕಳಲ್ಲ, ಪಕ್ಕದ ಮನೆಯ ಕಸ್ತೂರಿಬಾಯಿ. ಮೊಣಕೈವರೆಗೂ ಹಿಟ್ಟು.

“ಮಾಸ್ತರ, ಮುದುಕಿ ಹಗ್ಗ ಬಿಟ್ಟಳೋ, ಇಲ್ಲೋ?”

“ಯಾವ ಮುದುಕಿರಿ ಅವ್ವಾರ?”

ಕಸ್ತೂರಿಬಾಯಿಯ ಅಂಗಳದಲ್ಲಿ ಓಣಿಯ ಹೆಂಗಸರೆಲ್ಲ ಕೂಡಿ ಶಾವಿಗೆ ಹೊಸೆಯುತ್ತಿದ್ದರು. ಮೇಲಿನ ತರಗತಿಯ ಮೊಮ್ಮಗಳು ಶಿವಕಾಂತಾ ಪುಸ್ತಕ ಓದಿ ಹೇಳುತ್ತಿದ್ದಳು. ಆಡು ಕದ್ದ ಕಳ್ಳ ಬಾವಿಗೆ ಬಿದ್ದಿದ್ದಾನೆ. ಆಡಿನ ಒಡತಿ ಮುದುಕಿಯೇ ಕರುಣೆಯಿಂದ ಹಗ್ಗ ಇಳಿಬಿಟ್ಟು ಅವನನ್ನು ಎಳೆಯುತ್ತಿದ್ದಾಳೆ. ಅಷ್ಟರಲ್ಲಿ ಬೆನ್ನ ಹಿಂದೆ ಹುಲಿ! ‘ಆಗ ಅಜ್ಜಿ ಹಗ್ಗವನ್ನು’ ಎನ್ನುವಲ್ಲಿಗೆ ಪುಸ್ತಕ ಮುಗಿದಿತ್ತು.

“ಹೆಣ್ಮಕ್ಕಳ ಕೈ ನಿಂತಾವ. ಹಿಟ್ಟು ಒಣಗಾಕತ್ತದ. ಲಗೂನ ಹೇಳ್ರಿ!”

ಮಾಸ್ತರರಿಗೆ ಸ್ವರ್ಗಕ್ಕೆ ಮೂರೇ ಗೇಣು. ಮಾಡಕ್ಕೆ ಕೈ ಹಾಕಿದರು. ಮಾಡ ಬರಿದಾಗಿತ್ತು.

“ಆ ಗಂಟೇನ್ರಿ?” ಎಂದಳು ಹೆಂಡತಿ ಗುರಮ್ಮ ಒಳಗಿನಿಂದ. “ರದ್ದಿ ಅಂತ ತಿಳಿದು ಮುಂಜಾನಿ ಒಲಿ ಹಚ್ಚಿದೆ. ಭಾಳ ಚಲೋ ಉರೀತು.”

ಮಾಸ್ತರರು ಬರಿದಾದ ಮಾಡವನ್ನೇ ಮತ್ತೊಮ್ಮೆ ತಡವಿದರು. ಹಾಳೆ ಸುಟ್ಟದ್ದು ದೊಡ್ಡ ಸಂಕಟವಲ್ಲ. ಆ ಪುಸ್ತಕಗಳಲ್ಲಿ ಒಂದನ್ನೂ ಅವರು ಓದಿರಲಿಲ್ಲ! ಬರೀ ಬಾಲ ಕತ್ತರಿಸಿದ್ದರು. ಓದದ ಮಾಸ್ತರರೆಂದು ಸಾಹೇಬರ ಕಿವಿಗೆ ಬಿದ್ದರೆ ಜೂನ್‌ವರೆಗೂ ಕಾಯಬೇಕಿಲ್ಲ, ನಾಳೆಯೇ ಗಂಟುಮೂಟೆ ಕಟ್ಟಬೇಕು.

“ಬಿಟ್ಟಳ್ರಿ” ಎಂದರು ಗಂಭೀರವಾಗಿ. “ಕಳ್ಳ ದುಡುಮ್ ಅಂತ ನೀರಾಗ ಬಿದ್ದ. ಆ ಸಪ್ಪಳಕ್ಕ ಹುಲಿ ಓಡಿ ಹೋತು.”

“ಅಯ್ಯ ಶಿವನೇ! ದಯಾ ಇಲ್ಲದ ಮುದುಕಿ ಕತಿ ಮಕ್ಕಳಿಗೆ ಕೊಟ್ಟೀರಲ್ರಿ!” ಕಸ್ತೂರಿಬಾಯಿ ಸಿಟ್ಟಿನಿಂದ ಹೋದರು.

ಸ್ವಲ್ಪ ಹೊತ್ತಿಗೆ ದರ್ಜಿ ಶರಫುದ್ದೀನ ಬಂದ. ಶಾವಿಗೆ ಅಂಗಳದಲ್ಲಿದ್ದ ಹೆಂಡತಿ ಪ್ಯಾರಿಬಿಯಿಂದ ಅವನಿಗೂ ಮುದುಕಿಯ ಸುದ್ದಿ ಮುಟ್ಟಿತ್ತು. ಮಾಸ್ತರರು ಈ ಸಲ ದಯೆ ಬೆರೆಸಿದರು. “ಬಿಡಲಿಲ್ಲಪ್ಪ. ಕಳ್ಳ ಮ್ಯಾಲ ಬಂದು ಅದೇ ಹಗ್ಗದಿಂದ ಹುಲೀನ ಕಟ್ಟಿ ಹಾಕಿದ.”

“ವಾಹ್ ಮಾಸ್ತರ್ ಸಾಬ್!” ಎಂದು ಹೋದವನು, ಮಧ್ಯಾಹ್ನ ಊಟವಿಲ್ಲದೆ ಕಟ್ಟೆಯ ಮೇಲೆ ಕುಳಿತಿದ್ದ. ಹಗ್ಗ ಬಿಟ್ಟಳೆಂದು ಪ್ಯಾರಿಬಿ, ಬಿಡಲಿಲ್ಲವೆಂದು ಅವನು, ನಡುವೆ ರೊಟ್ಟಿ ಬಡಿಯುವವರೇ ಇರಲಿಲ್ಲ.

ಆ ಜಗಳ ಬಿಡಿಸಲು ಮಾಸ್ತರರ ಮನೆಗೇ ಬಂದವರು ಊರ ಗೌಡರು, ದೌಲತರಾಯರು. ಅವರ ಮೀಸೆ ನೋಡಿದ ಮಾಸ್ತರರ ಬಾಯಲ್ಲಿ ಮೂರನೆಯ ಕೊನೆ ತಾನಾಗಿ ಹುಟ್ಟಿತು. “ಅಷ್ಟೊತ್ತಿಗೆ ಆ ಊರ ಗೌಡ್ರು ಬಂದು ಹುಲೀಗೆ ಗುಂಡು ಹಾಕಿದ್ರು ನೋಡ್ರಿ.” ದೌಲತರಾಯರು ಮೀಸೆ ತಿರುವುತ್ತ ಹೋಗಿ ಬಸ್‌ಸ್ಟ್ಯಾಂಡಿನಲ್ಲಿ ಆ ಕತೆ ತಮ್ಮದೇ ಎಂಬಂತೆ ಹೇಳಿದರು.

ಬಿಸಿಲು ಇಳಿಯುವ ಹೊತ್ತಿಗೆ ಮೂರು ಕೊನೆಗಳೂ ಮಾಸ್ತರರ ಬಾಗಿಲಲ್ಲಿ ಭೇಟಿಯಾದವು. ಹಿಂದೆ ಓಣಿಯೇ ನೆರೆದಿತ್ತು.

“ಒಂದು ಮುದುಕಿ, ಒಂದು ಹಗ್ಗ, ಮೂರು ನಮೂನಿ ಹೆಂಗ್ರಿ?” ದೌಲತರಾಯರು ಗುಡುಗಿದರು. “ಹಾಳಿ ತೋರಸ್ರಿ.”

“ಹಾಳಿ ಒಲಿಯೊಳಗ ಹೋಗ್ಯಾವ್ರಿ.”

“ಹೋದ್ರ ಹೋಗ್ಲಿ. ನೀವು ಓದೀರಲ್ಲ? ಖರೇ ಹೇಳ್ರಿ.”

ಮಾಸ್ತರರು ನಾಲ್ಕನೇ ತರಗತಿಯವರಂತೆಯೇ ತಲೆ ತಗ್ಗಿಸಿದರು. “ನಾನೂ ಓದಿಲ್ರಿ.” ಅವರಿಗೆ ನಿಜಕ್ಕೂ ನಾಚಿಕೆಯಾಗಿತ್ತು.

ಆಗ ಶಿವಕಾಂತಾ ಮುಂದೆ ಬಂದಳು. “ಹಾಳಿ ಸುಟ್ಟಿಲ್ರಿ ಸರ. ಗುರಮ್ಮವ್ವಾರು ಸುಟ್ಟಿದ್ದು ಹೋದ ವರ್ಷದ ಪರೀಕ್ಷಾ ಪೇಪರ. ರಜಾ ಬಿಟ್ಟ ದಿನಾನೇ, ನೀವು ಮಧ್ಯಾಹ್ನ ಮಲಗಿದಾಗ ನಾವೆಲ್ಲ ಕೂಡಿ ಬದಲಿ ಮಾಡೀವಿ. ಎಲ್ಲಾ ಕತಿ ಕೊನಿ ನಾ ಓದಿ ಹೇಳೀನಿ, ಹುಡುಗರಿಗೆಲ್ಲ ಗೊತ್ತದ. ಬೈತೀರಂತ ಯಾರೂ ಬಾಯಿ ಬಿಟ್ಟಿರಲಿಲ್ಲ.”

“ಹಂಗಾದ್ರ ಪುಸ್ತಕ?”

“ಕೊನೀದು ಗೊತ್ತಾದ ಮ್ಯಾಲ ಮೊದಲಿಂದ ಯಾಕ ಓದಬೇಕ್ರಿ? ನಾನರ ಶಾವಿಗಿ ಕೆಲಸ ತಪ್ತದಂತ ಓದಿದೆ.”

“ಅದಿರ್ಲಿ ಬೇ, ಮುದುಕಿ ಏನ ಮಾಡಿದಳು?” ಕಸ್ತೂರಿಬಾಯಿಗೆ ತಡೆಯಲಾಗಲಿಲ್ಲ.

ಶಿವಕಾಂತಾ ಲಂಗದ ಗಂಟಿನಿಂದ ಹಾಳೆ ತೆಗೆದು ಓದಿದಳು: “ಆಗ ಅಜ್ಜಿ ಹಗ್ಗವನ್ನು ಹುಲಿಯ ಕೈಗೆ ಕೊಟ್ಟು, ‘ಸ್ವಲ್ಪ ಹಿಡಿದಿರಪ್ಪ, ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ’ ಎಂದು ಮನೆಗೆ ಓಡಿ ಬಾಗಿಲು ಹಾಕಿಕೊಂಡಳು.”

ಓಣಿ ಹೊಟ್ಟೆ ಹಿಡಿದು ನಕ್ಕಿತು. ಪ್ಯಾರಿಬಿ ನಗುತ್ತಲೇ ಗಂಡನನ್ನು ಊಟಕ್ಕೆ ಕರೆದಳು. ನಗು ನಿಂತ ಮೇಲೆ ಕಸ್ತೂರಿಬಾಯಿ ತೀರ್ಪು ಕೊಟ್ಟರು.

“ಉಳಿದ ಹಾಳಿ ಹುಡುಗರ ಹತ್ರಾನೇ ಇರಲಿ. ನಾಳಿಂದ ಮಾಸ್ತರು ದಿನಾ ಒಂದು ಪುಸ್ತಕ ಓದಿ, ನಮ್ಮ ಅಂಗಳದಾಗ ಕುಂತು ಕತಿ ಹೇಳಲಿ. ಹೇಳಿದ್ರ ಹಾಳಿ ಸಿಗ್ತದ.”

“ಹೇಳದಿದ್ರ ಸಾಹೇಬ್ರಿಗೆ ನಾ ಹೇಳ್ತೇನಿ” ಎಂದರು ದೌಲತರಾಯರು. ಪುಸ್ತಕದಲ್ಲಿ ಗೌಡರೇ ಇಲ್ಲವೆಂಬ ಸಿಟ್ಟು ಅವರಿಗಿನ್ನೂ ಇಳಿದಿರಲಿಲ್ಲ.

ಆ ಬೇಸಿಗೆಯಲ್ಲಿ ಮಟಕಿಯಲ್ಲಿ ಬಿಡದೆ ಓದಿದವರು ಒಬ್ಬರೇ. ಹೆಂಗಸರು ಶಾವಿಗೆ ಹೊಸೆಯುತ್ತಿದ್ದರು, ಮಕ್ಕಳು ಬೇವಿನ ನೆರಳಲ್ಲಿ ಅಂಗಾತ ಮಲಗಿ ಕೇಳುತ್ತಿದ್ದರು. “ಕತಿ ಪೂರಾ ಹೇಳ್ರಿ ಸರ, ಆಮ್ಯಾಲ ಹಾಳಿ” ಎನ್ನುತ್ತಿದ್ದಳು ಶಿವಕಾಂತಾ. ಜೂನ್ ಹತ್ತಿರ ಬರುತ್ತಿತ್ತು, ಮಕ್ಕಳಿಗೆ ಕತೆಗಳೆಲ್ಲ ಬಾಯಿಪಾಠವಾಗಿದ್ದವು, ಅಕ್ಷರ ಮಾತ್ರ ಮರೆತುಹೋಗಿದ್ದವು. ಊರಿಗೆ ಊರೇ ಮಾಸ್ತರರ ಕೈಗೆ ಹಗ್ಗ ಕೊಟ್ಟು ಬಾಗಿಲು ಹಾಕಿಕೊಂಡಿತ್ತು.