ಮಾತಾಡುವ ಬಾಟಲಿಯೂ ಮಹದೇವಪ್ರಸಾದರ ನೀರೂ

ಕುಡಿಯುವ ನೀರು ಕಾಯಿಸುವ ಕೆಲಸದಿಂದ ಸ್ತ್ರೀಕುಲವನ್ನು ಬಿಡುಗಡೆ ಮಾಡಿಯೇ ತೀರುತ್ತೇನೆ ಎಂದು ಶಪಥ ಮಾಡಿದೆ. ಸದ್ಯಕ್ಕೆ ಸ್ತ್ರೀಕುಲ ಎಂದರೆ ನಾನೊಬ್ಬಳೇ!

ಕೇರಳದ ವಯನಾಡಿನ ಬತ್ತೇರಿಯಲ್ಲಿ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಕಲಿಸುವವಳು ನಾನು. ಮನೆಗೆ ಬಂದರೆ ಒಲೆ ಮುಂದೆ ನೀರು ಕುದಿಯುವುದನ್ನು ಕಾಯುವವಳು.

"ನೀವೂ ಒಂದು ದಿನ ಕಾಯಿಸಬಾರದೇನ್ರೀ?" ಎಂದರೆ ಗಂಡ ಮಹದೇವಪ್ರಸಾದ್ ಪೇಪರಿನಿಂದ ತಲೆಯೆತ್ತುವುದಿಲ್ಲ. "ನನಗೆ ಅದೆಲ್ಲ ಎಲ್ಲಿ ಗೊತ್ತಾಯ್ತದೆ ಸುಕನ್ಯಾ? ಸರಿಯಾಗಿ ಕುದೀದೆ ಯಾರಿಗಾದ್ರೂ ಹೊಟ್ಟೆ ಕೆಟ್ರೆ?"

ಗೊತ್ತಾಗುವುದಿಲ್ಲವೇ? ಗೊತ್ತಾಗುವ ಹಾಗೆ ಮಾಡುತ್ತೇನೆ! ರಜೆಯೆಲ್ಲ ಕೂತು ಒಂದು ಜಾಣ ಬಾಟಲಿ ತಯಾರಿಸಿದೆ. ತಳದಲ್ಲಿ ಸೆನ್ಸರು, ಮುಚ್ಚಳದಲ್ಲಿ ಸ್ಪೀಕರು. ನೀರು ಚೆನ್ನಾಗಿದ್ದರೆ ಹಸಿರು ದೀಪ, ಕೆಟ್ಟಿದ್ದರೆ ಕೆಂಪು. ಜೊತೆಗೆ ನನ್ನದೇ ದನಿಯಲ್ಲಿ ತೀರ್ಪು!

"ನೀವು ಕಾಯಿಸಿದ ನೀರಿಗೆ ಹಸಿರು ಬಂದರೆ ಅವತ್ತಿನಿಂದ ಈ ಕೆಲಸ ನಿಮ್ಮದು. ಒಪ್ಪಿಗೆಯಾ?"

"ಕೆಂಪು ಬಂದ್ರೆ?"

"ಜೀವನಪೂರ್ತಿ ನನ್ನದೇ!" ಅಷ್ಟು ಧೈರ್ಯ ನನಗೆ.

ಭಾನುವಾರ ಸಾಕ್ಷಿಗೆಂದು ಪಕ್ಕದ ಮನೆಯ ಮಲಯಾಳಿ ಅಕ್ಕ, ಶಾಂತ ಚೇಚಿಯನ್ನೂ ಕರೆದೆ. ಅತ್ತೆ ಭಾಗ್ಯಮ್ಮ ಸಭೆಯ ಅಧ್ಯಕ್ಷರಂತೆ ಕುರ್ಚಿ ಹಾಕಿಸಿಕೊಂಡು ಕೂತರು. ಗಂಡ ತಾವೇ ಕಾಯಿಸಿ ಆರಿಸಿದ ನೀರನ್ನು ಅಡುಗೆಮನೆಯಿಂದ ತಂದರು. ಬಾಟಲಿಗೆ ಸುರಿದೆ.

ಕೆಂಪು ದೀಪ! "ಛೀ, ಕೊಳಕು ನೀರು! ಕುಡಿಯಬೇಡಿ!" ಎಂದು ಬಾಟಲಿ ನನ್ನ ದನಿಯಲ್ಲಿ ಕಿರುಚಿತು.

ಚೇಚಿ ಎದ್ದೇ ನಿಂತರು. "ಎಂತಾ ಸುಕನ್ಯೇ, ನಾನು ಕೊಟ್ಟ ಪದಿಮುಗಂ ಹಾಕಿದ ವೆಳ್ಳಂ ಕೊಳಕಾ?"

ಆಗ ಹೊಳೆಯಿತು. ನಮ್ಮ ವಯನಾಡಿನಲ್ಲಿ ಬರೀ ನೀರು ಕಾಯಿಸುವವರು ಯಾರು? ಪದಿಮುಗಂ ಮರದ ಚಕ್ಕೆ ಹಾಕಿ, ಗುಲಾಬಿ ಬಣ್ಣ ಬಂದ ಮೇಲೆಯೇ ಅದು ಕುಡಿಯುವ ನೀರು. ದಿನಾ ಹಾಕುವವಳು ನಾನೇ! ಬಾಟಲಿಗೆ ಪಾಠ ಹೇಳಿದ್ದು ಮಾತ್ರ ಲ್ಯಾಬಿನ ಬಣ್ಣವಿಲ್ಲದ ನೀರಿನಲ್ಲಿ. ಅದರ ಕಣ್ಣಿಗೆ ಬಣ್ಣವೆಲ್ಲ ಕೊಳೆ!

"ಬಾಟಲಿ ತಪ್ಪು ಹೇಳ್ತಿದೆ," ಎಂದೆ ಮೆಲ್ಲಗೆ.

"ಸಾಧ್ಯನೇ ಇಲ್ಲ!" ಗಂಡ ಎದೆ ತಟ್ಟಿಕೊಂಡರು. "ನನ್ನ ಹೆಂಡ್ತಿ ಮಾಡಿದ ಯಂತ್ರ ತಪ್ಪು ಹೇಳಲ್ಲ. ಎಂಥ ತಲೆ ಅವಳದು!"

ಮದುವೆಯಾದ ಮೇಲೆ ಕೇಳಿದ ಮೊದಲ ಹೊಗಳಿಕೆ. ಬಂದದ್ದು ಎಂಥ ಹೊತ್ತಿಗೆ! ಬಾಟಲಿ ಸರಿ ಎಂದರೆ ಸಾಯುವ ತನಕ ಒಲೆ ನನ್ನದು; ತಪ್ಪು ಎಂದರೆ ನನ್ನ ಮಾನ ಹರಾಜು.

ಚೇಚಿ ಬಿಡುವವರಲ್ಲ. ಹಿತ್ತಲಿನ ತೊಟ್ಟಿಯಿಂದ ಒಂದು ಚೊಂಬು ನೀರು ತಂದು, ಬಾಟಲಿ ತೊಳೆದು ತುಂಬಿಸಿದರು. ಒಳಗೆ ಸೊಳ್ಳೆಮರಿಯೊಂದು ಡೊಂಕುಡೊಂಕಾಗಿ ಈಜುತ್ತಿತ್ತು. ಹಸಿರು ದೀಪ! "ಶುದ್ಧ ನೀರು! ಧಾರಾಳವಾಗಿ ಕುಡಿಯಿರಿ!"

ಮಾನವನ್ನೇ ಬಿಟ್ಟೆ. "ನನ್ನ ಬಾಟಲಿ ಪೆದ್ದು! ಮಾಡಿದ ನಾನೂ ಪೆದ್ದಿ! ಇವರ ನೀರು ಪಾಸು!" ಎಂದು ಘೋಷಿಸಿದೆ.

ಚೇಚಿ ಆ ಗುಲಾಬಿ ನೀರನ್ನು ಒಂದು ಲೋಟ ಕುಡಿದು, "ನಲ್ಲ ವೆಳ್ಳಂ! ಒಳ್ಳೇ ನೀರು!" ಎಂದು ತಲೆದೂಗಿದರು. ಗಂಡ ಕುಸಿದು ಕೂತರು. ಸ್ತ್ರೀಕುಲಕ್ಕೆ ಜಯ!

ಅತ್ತೆಯೂ ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡರು. "ಚೆಂದಾಗಿರದೆ ಏನು? ನೀ ಮದ್ವೆಯಾಗಿ ಬರೋ ಗಂಟ ಈ ಮನೇಲಿ ನೀರು ಕಾಯಿಸ್ತಿದ್ದೋನು ಅವನೇ ಕನವ್ವ. ಬಂದ ದಿಸವೇ ಅವನ ಕೈಯಿಂದ ಪಾತ್ರೆ ಕಿತ್ಕಂಡು, 'ಗಂಡಸ್ರ ಕೈಲಿ ಇದ್ನೆಲ್ಲ ಮಾಡಿಸ್ಬಾರ್ದು ಅತ್ತೆ' ಅಂತ ನನಗೇ ಬುದ್ಧಿ ಹೇಳಿದ್ದೋಳು ನೀನು!"