ಬೀಗತಿಯ ತಾಟಿಗೆ ಬಂದ ಹಾಗಲಕಾಯಿ

ನಾಗರ ಪಂಚಮಿಯ ಮುಂಚಿನ ರೊಟ್ಟಿ ಹಬ್ಬ, ಶುಕ್ರವಾರ, ಬೆಳಗಿನ ಆರು ಗಂಟೆ. ಸ್ಥಳ, ಶಹಾಪುರದ ನಮ್ಮ ಅಡುಗೆಮನೆ. ಹಾಜರಿದ್ದವರು: ನಾನು, ನನ್ನ ಹೆಂಡತಿ ಈರಮ್ಮ ಮತ್ತು ಒಂದು ಬುಟ್ಟಿ ಹಾಗಲಕಾಯಿ. ಈ ಮೂವರಲ್ಲಿ ಇಬ್ಬರು ಕಹಿಯಾಗಿದ್ದರು. ನಾನೊಬ್ಬ ಸಂತೋಷದಿಂದಿದ್ದೆ.

ಹೀಗೆ ದಿನ, ವೇಳೆ, ಹಾಜರಿ ಬರೆದುಕೊಂಡ ಮೇಲೆಯೇ ನನಗೆ ಮುಂದಿನ ಮಾತು ಹೊರಡುವುದು. ನಿಜಾಮ ಸರಕಾರದ ತಹಶೀಲ ಕಚೇರಿಯಲ್ಲಿ ಕಾಗದಪತ್ರಗಳನ್ನು ಕಾಯ್ದುಕೊಂಡು ಬೆಳೆದ ಅಭ್ಯಾಸ. ಅಲ್ಲಿ ನನ್ನ ಕೈಕೆಳಗೆ ಇದ್ದವರು ಮನುಷ್ಯರಲ್ಲ, ಕಪಾಟುಗಳು. ಕಪಾಟಿನ ತುಂಬ ಬಟ್ಟೆಯಲ್ಲಿ ಸುತ್ತಿದ ಬಸ್ತಾಗಳು, ಪ್ರತಿ ಬಸ್ತಾಕ್ಕೂ ಒಂದು ದಾರ, ದಾರಕ್ಕೆ ನನ್ನದೇ ಆದ ಒಂದು ಗಂಟು. ಆ ಗಂಟನ್ನು ಜಗ್ಗಿದರೆ ಇನ್ನಷ್ಟು ಬಿಗಿಯುತ್ತದೆ. ಎಡಗಡೆಯ ತುದಿ ಹಿಡಿದು ಮೆಲ್ಲಗೆ ಎಳೆದರೆ ತಾನೇ ಬಿಚ್ಚಿಕೊಳ್ಳುತ್ತದೆ. ನಾನು ರಜೆಯಲ್ಲಿದ್ದಾಗ, ಸಾಹೇಬರ ಮುಂದೆ ಕಾಗದ ಇಡುವ ಪೇಶಕಾರರು ಒಂದು ಬಸ್ತಾ ಬಿಚ್ಚಲು ಹೋಗಿ ಕೊನೆಗೆ ಹಲ್ಲು ಹಚ್ಚಿದರೆಂದು ಕೇಳಿದ್ದೇನೆ. ಮನೆಯಲ್ಲಿಯೂ ನನ್ನದು ಇದೇ ಶಿಸ್ತು. ಚೊಂಬು ಚೊಂಬಿನ ಜಾಗದಲ್ಲಿ, ಇಕ್ಕಳ ಇಕ್ಕಳದ ಮೊಳೆಗೆ. "ನೀವು ಯಮನ ಮನಿಗಿ ಹೋದ್ರೂ, ಮೊದಲ ಕ್ವಾಣಾ ಕಟ್ಟೋ ಜಾಗಾ ಸರಿ ಇಲ್ಲಂತ ಅವನಿಗಿ ಹೇಳ್ತೀರಿ" ಎಂದು ಈರಮ್ಮ ಅನ್ನುತ್ತಾಳೆ. ಸರಿ ಇರದಿದ್ದರೆ ಹೇಳಲೇಬೇಕಲ್ಲವೇ?

ಇಂಥವನಿಗೆ ಅಡುಗೆ ಹೇಗೆ ಬಂತು ಎಂದು ನೀವು ಕೇಳಬಹುದು. ಮದುವೆಗೆ ಮುಂಚೆ ನನ್ನನ್ನು ಸುರಪುರಕ್ಕೆ ಹಾಕಿದ್ದರು. ಬಾಡಿಗೆ ಕೋಣೆ, ಒಂಟಿ ಜೀವ. ಮಾಲೀಕರ ಹಿತ್ತಲ ಬೇಲಿಯ ಮೇಲೆ ಹಾಗಲ ಬಳ್ಳಿ ಹಬ್ಬಿತ್ತು. ಆ ಮನೆಯಲ್ಲಿ ಅದನ್ನು ಯಾರೂ ತಿನ್ನುತ್ತಿರಲಿಲ್ಲವಾದ್ದರಿಂದ ಎಲ್ಲ ಕಾಯಿಯೂ ನನ್ನ ಪಾಲಿಗೆ. ಮೊದಮೊದಲು ನಾನು ಕಹಿಯ ಮೇಲೆ ಯುದ್ಧ ಸಾರಿದೆ. ಉಪ್ಪಿನಲ್ಲಿ ನೆನೆಹಾಕಿದೆ, ಕುದಿಸಿ ನೀರು ಚೆಲ್ಲಿದೆ, ಧೋತರ ಹಿಂಡುವ ಹಾಗೆ ಹಿಂಡಿದೆ. ಕಹಿ ಹೋಯಿತು, ನಿಜ. ಅದರ ಜೊತೆ ಹಾಗಲಕಾಯಿಯೂ ಹೋಯಿತು. ತಾಟಿನಲ್ಲಿ ಉಳಿದದ್ದು ಒದ್ದೆ ಚಿಂದಿ. ಎಷ್ಟೋ ದಿನ ಚಿಂದಿ ತಿಂದ ಮೇಲೆ ತಿಳಿಯಿತು: ಕಹಿಯನ್ನು ಗಡೀಪಾರು ಮಾಡಬಾರದು, ಜಾಮೀನಿನ ಮೇಲೆ ಮನೆಯಲ್ಲೇ ಇಟ್ಟುಕೊಳ್ಳಬೇಕು. ಬೆಲ್ಲ, ಹುಣಸೆ, ಖಾರ ಇವರು ಜಾಮೀನುದಾರರು.

ಈಗ ನನ್ನ ಕ್ರಮ ಹೀಗಿದೆ. ಕಾಯಿ ಎಳೆಯದಾಗಿರಬೇಕು, ಕಡು ಹಸಿರಿರಬೇಕು. ಮೇಲಿನ ಮುಳ್ಳನ್ನು ಹಗುರಾಗಿ ಹೆರೆದು, ಹೆರೆದದ್ದನ್ನು ಚೆಲ್ಲದೆ ಬೇರೆ ಇಡಬೇಕು. ಉದ್ದಕ್ಕೆ ಒಂದೇ ಸೀಳು ಹಾಕಿ, ಬೀಜ ತೆಗೆದು, ಒಳಗೂ ಹೊರಗೂ ಉಪ್ಪು ಅರಿಷಿಣ ತಿಕ್ಕಿ ಮೂಲೆಗೆ ಕೂಡಿಸಬೇಕು. ಅದು ಬೆವತ ಮೇಲೆ ಮೆತ್ತಗೆ ಒತ್ತಿ ನೀರು ಬಸಿಯಬೇಕು. ಹುರಿದ ಶೇಂಗಾ, ಹುರಿದ ಗುರೆಳ್ಳು, ಒಣಕೊಬ್ಬರಿ, ಬೆಳ್ಳುಳ್ಳಿ, ಜೀರಿಗೆ, ಖಾರಪುಡಿ, ಉಪ್ಪು ಕುಟ್ಟಿ, ಬೆಲ್ಲ ಮತ್ತು ಹುಣಸೆ ರಸದಲ್ಲಿ ಕಲಸಿ, ಹೆರೆದ ಮುಳ್ಳನ್ನೂ ಅದರಲ್ಲೇ ಸೇರಿಸಿ ತುಂಬಬೇಕು. ಹೂರಣ ಹೊರಬರದಂತೆ ದಾರ ಸುತ್ತಿ ಗಂಟು ಹಾಕಬೇಕು. ಗಂಟು ಯಾವುದೆಂದು ಬೇರೆ ಹೇಳಬೇಕಿಲ್ಲ. ಆಮೇಲೆ ಕುಸುಬೆ ಎಣ್ಣೆಯಲ್ಲಿ, ಸಣ್ಣ ಕೆಂಡದ ಮೇಲೆ, ಮುಚ್ಚಳದ ಮೇಲೆ ನೀರಿಟ್ಟು, ಅವಸರ ಮಾಡದೆ ಹೊರಳಿಸುತ್ತಿರಬೇಕು. ಇದರಲ್ಲಿ ಈರಮ್ಮನ ತಕರಾರು ಒಂದೇ. "ತಿಕ್ಕಿದ ಉಪ್ಪು ಕಾಯಾಗೇ ಇರ್ತದ. ಮತ್ತ ಹೂರಣಕ್ಕೂ ಹಾಕ್ತೀರಿ. ಉಪ್ಪು ಮುಂದಾಗ್ತದ." ಮುಂದಾಗುವುದಿಲ್ಲ, ಹದವಾಗಿಯೇ ಇರುತ್ತದೆ ಎಂಬುದು ನನ್ನ ವಾದ. ಈ ದಾವೆ ನಮ್ಮ ಮದುವೆಯಾದಾಗಿನಿಂದ ತೀರ್ಪಿಲ್ಲದೆ ಬಿದ್ದಿದೆ.

ಆದರೆ ಆ ಶುಕ್ರವಾರದ ಜಗಳ ಉಪ್ಪಿನದಲ್ಲ. ನಮ್ಮ ಒಬ್ಬಳೇ ಮಗಳು ನೀಲಮ್ಮನನ್ನು ಕೆಂಭಾವಿಗೆ ಕೊಟ್ಟಿದ್ದೆವು. ಪಂಚಮಿಗೆ ಅವಳನ್ನು ಅವಳ ಅತ್ತೆ ಶರಣಮ್ಮನೇ ಬಂಡಿಯಲ್ಲಿ ಕರೆತರುವವಳಿದ್ದಳು. ಪಂಚಮಿ ಮುಗಿದ ಮರುದಿನವೇ ತಿರುಗಿ ಕರೆದೊಯ್ಯುವುದಾಗಿಯೂ ಹೇಳಿ ಕಳಿಸಿದ್ದಳು. ಹೊಲದಲ್ಲಿ ಕಳೆ ಬೆಳೆದಿತ್ತಂತೆ. ಈರಮ್ಮನಿಗೆ ಮಗಳು ಶ್ರಾವಣ ಮುಗಿಯುವ ತನಕ ಇರಬೇಕು. ಆ ಮಾತನ್ನು ಬೀಗತಿಯ ಮುಂದೆ ಹೇಗೆ ತೆಗೆಯುವುದೆಂದು ಅವಳು ಹದಿನೈದು ದಿನದಿಂದ ನಿದ್ದೆಗೆಟ್ಟಿದ್ದಳು. ಅಂಥ ಹೊತ್ತಿನಲ್ಲಿ, ಮಗಳಿಗೆ ಇಷ್ಟವೆಂದು, ನಾನು ಒಂದು ಬುಟ್ಟಿ ಹಾಗಲಕಾಯಿ ತಂದು ಅವಳ ಒಲೆಯ ಮುಂದೆ ಕೂತಿದ್ದೆ.

"ಬೀಗರಿಗಿ ಯಾರರ ಹಾಗಲಕಾಯಿ ಬಡಸ್ತಾರೇನ್ರಿ? ಮೊದಲ ಸಲ ನಮ್ಮ ಮನ್ಯಾಗ ಉಣ್ಣಾಕ ಕುಂದರತಾಳ. ಕಹಿ ಹಾಕಿ ಸಂಬಂಧ ಕಹಿ ಮಾಡಾಕ ನೋಡ್ಯಾರ ಅಂದ್ರ ಏನ್ಮಾಡ್ತೀರಿ?"

"ನನ್ನ ಹಾಗಲಕಾಯಿ ಕಹಿ ಅಲ್ಲ."

"ಹಂಗಂತ ಅದಕ್ಕ ಗೊತ್ತದೇನು? ಹೆಸರರ ಹಾಗಲಕಾಯೇ ಅಲ್ಲೇನು?"

ಆದರೂ ಪಲ್ಯ ಮಾಡಿ ಮುಗಿಸಿದೆ. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವುದು ನನ್ನ ಜಾಯಮಾನವಲ್ಲ. ಒಂದನ್ನು ಬಿಚ್ಚಿ ತಿಂದು ನೋಡಿದೆ. ಮೊದಲು ಸಿಹಿ, ನಡುವೆ ಖಾರ, ಕೊನೆಗೆ ಕಹಿ ಬಾಗಿಲಲ್ಲಿ ನಿಂತು ನಮಸ್ಕಾರ ಮಾಡಿ ಹೋದ ಹಾಗೆ. ಅಷ್ಟರಲ್ಲಿ ಈರಮ್ಮ ಗಡಿಗೆಯನ್ನೇ ಎತ್ತಿಕೊಂಡಳು.

ರೊಟ್ಟಿ ಹಬ್ಬದ ದಿನ ನಮ್ಮ ಕಡೆ ಮನೆಮನೆಯಲ್ಲೂ ಜೋಳದ ರೊಟ್ಟಿ, ನಾಲ್ಕಾರು ತರದ ಪಲ್ಯ, ಚಟ್ನಿಪುಡಿಯಂಥ ಹಿಂಡಿ ಮಾಡಿ ನೆರೆಯವರಿಗೆ ಬೀರುತ್ತಾರೆ. ಅವರು ಪಾತ್ರೆಯನ್ನು ಬರಿದಾಗಿ ಮರಳಿಸದೆ ತಮ್ಮ ರೊಟ್ಟಿ ಪಲ್ಯ ಹಾಕಿ ಕಳಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಯಾರ ಮನೆಯಲ್ಲಿ ಯಾರ ಅಡುಗೆ ಇದೆಯೆಂದು ದೇವರಿಗೂ ತಿಳಿಯದು. ಈರಮ್ಮ ನನ್ನ ಹಾಗಲಕಾಯಿಗಳನ್ನೆಲ್ಲ ರೊಟ್ಟಿಯ ಜೊತೆ ಪಕ್ಕದ ಮನೆಯ ಗುರುಬಾಯಿಗೆ ಸಾಗಿಸಿ ಬಂದು ಕೈ ತೊಳೆದಳು. ನನ್ನ ಬೆಳಗಿನ ಕೆಲಸ ಗೋಡೆಯಾಚೆ ಹೋದದ್ದನ್ನು ನೋಡುತ್ತ ನಾನು ಇಕ್ಕಳವನ್ನು ಅದರ ಮೊಳೆಗೆ ತೂಗುಹಾಕಿದೆ.

ಮಧ್ಯಾಹ್ನ ಬಂಡಿ ಬಂತು. ನೀಲಮ್ಮ ಇಳಿದವಳೇ ತಾಯಿಯನ್ನು ಅಪ್ಪಿಕೊಂಡಳು, ನನ್ನ ಕಡೆ ನೋಡಿ ಮೂಗು ಅರಳಿಸಿದಳು. ವಾಸನೆ ಅವಳಿಗೆ ಸಿಕ್ಕಿತ್ತು. ಶರಣಮ್ಮ ಎತ್ತರದ ಹೆಂಗಸು, ಮಾತು ಕಡಿಮೆ. ಕೈಕಾಲು ತೊಳೆದು ತಾಟಿನ ಮುಂದೆ ಕೂತು, "ಪಂಚಮಿ ಮರುದಿನ ತಂಪ್ಹೊತ್ತಿನ್ಯಾಗ ಬಂಡಿ ಹೂಡ್ತೀವ್ರಿ" ಎಂದು ಮೊದಲೇ ಹೇಳಿಬಿಟ್ಟಳು. ಈರಮ್ಮನ ಮುಖ ಸಣ್ಣದಾಯಿತು. ಮಾತು ತಪ್ಪಿಸಲೆಂದು, "ಇದು ನಮ್ಮ ಬಾಜೂ ಮನಿ ಗುರುಬಾಯಿ ಕಳಿಸ್ಯಾಳ್ರಿ. ಆಕಿ ಬದನಿಕಾಯಿ ಊರಿಗೇ ಹೆಸರು" ಎನ್ನುತ್ತ, ಆಗತಾನೆ ಬಂದ ಬಟ್ಟಲನ್ನು ನೋಡದೆಯೇ ಬೀಗತಿಯ ತಾಟಿಗೆ ಬಗ್ಗಿಸಿದಳು.

ಬಿದ್ದದ್ದು ಬದನೆಕಾಯಿಯಲ್ಲ. ಗುರುಬಾಯಿಯ ಹೊಸ ಸೊಸೆ, ಹತ್ತು ಮನೆಯಿಂದ ಬಂದದ್ದನ್ನು ಹತ್ತು ಮನೆಗೆ ಹಂಚುವ ಗಡಿಬಿಡಿಯಲ್ಲಿ, ನಮ್ಮದನ್ನು ನಮಗೇ ಕಳಿಸಿದ್ದಳು. ಎರಡು ಹಾಗಲಕಾಯಿಗಳು ದಾರ ಸುತ್ತಿಕೊಂಡು, ನನ್ನ ಗಂಟು ಹೊತ್ತುಕೊಂಡು, ಕಚೇರಿಯ ಬಸ್ತಾಗಳ ಹಾಗೆ ಬೀಗತಿಯ ತಾಟಿನಲ್ಲಿ ಮಲಗಿದ್ದವು. ಈರಮ್ಮನ ಕೈ ಬಟ್ಟಲು ಹಿಡಿದಲ್ಲೇ ನಿಂತಿತು.

ಶರಣಮ್ಮ ದಾರ ಜಗ್ಗಿದಳು. ಅದು ಬಿಗಿಯಿತು. ಮತ್ತೆ ಜಗ್ಗಿದಳು. ಪೇಶಕಾರರ ಹಲ್ಲು ನನ್ನ ಕಣ್ಣ ಮುಂದೆ ಬಂತು. ತಡೆಯಲಾರದೆ ಅಂದೆ, "ಎಡಗಡಿ ತುದಿ ಹಿಡೀರಿ, ಮೆಲ್ಲಕ ಎಳೀರಿ."

ದಾರ ಬಿಚ್ಚಿತು. ಬೀಗತಿ ತಲೆಯೆತ್ತಿ ನನ್ನನ್ನು ನೋಡಿದಳು. "ನಿಮಗ ಹ್ಯಾಂಗ ಗೊತ್ತು, ಬೀಗರ?"

"ಕಚೇರ್ಯಾಗ ದಿನಾ ಹಿಂತಾವೇ ಗಂಟು ಬಿಚ್ಚಿ ಬಿಚ್ಚಿ ರೂಢಿರಿ."

"ಹೌದ್ರಿ, ಭಾಳ ಬಿಚ್ತಾರ" ಎಂದು ಈರಮ್ಮ ದನಿಗೂಡಿಸಿದಳು. ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ ಎನ್ನುವುದು ಇದಕ್ಕೇ ಇರಬೇಕು. ನೀಲಮ್ಮ ಸೆರಗು ಬಾಯಿಗೊತ್ತಿಕೊಂಡು ನೀರು ತರಲು ಒಳಗೆ ಹೋದಳು. ಆ ಗಂಟು ಅವಳು ಅಂಬೆಗಾಲಿಡುವಾಗಿನಿಂದ ನೋಡಿದ್ದು.

ಶರಣಮ್ಮ ರೊಟ್ಟಿ ಮುರಿದು, ಒಂದು ತುತ್ತು ತಿಂದಳು. ಇನ್ನೊಂದು ತುತ್ತು. ಒಂದು ಕಾಯಿ ಮುಗಿಯಿತು, ಎರಡನೆಯದರ ದಾರವನ್ನು ತಾನೇ ಎಡಗಡೆಯಿಂದ ಎಳೆದಳು. ಅದೂ ಮುಗಿದ ಮೇಲೆ ಬಾಯಿ ಬಿಟ್ಟಳು. "ನಮ್ಮ ಮನಿಯವರಿಗಿ ಹಾಗಲಕಾಯಿ ಅಂದ್ರ ಜೀವ. ನಾ ಮಾಡಿದ್ದು ನಾಯಿನೂ ಮೂಸಂಗಿಲ್ಲ. ಮೂವತ್ತು ವರ್ಷ ಬೈಸಿಕೊಂಡೀನಿ. ಈ ಗುರುಬಾಯಿ ಕಡಿಂದ ನೀಲಾ ಇದನ್ನ ಕಲೀಲಿ."

ಆಗ ಈರಮ್ಮನಿಗೆ ಜೀವ ಬಂತು. "ಅದಕ್ಕೇನ್ರಿ, ಕಲಸೂಣು. ಆದ್ರ ದಿನ ಹಿಡೀತಾವ. ಪಂಚಮಿ ಮುಗಿಯೂತನಕ ಕಾಯಿಪಲ್ಲೆ ಹೆಚ್ಚಂಗಿಲ್ಲ, ಹೆಂಚಿಡಂಗಿಲ್ಲ. ಆಮ್ಯಾಲೆ ಗುರುಬಾಯಿಗೂ ಪುರಸತ್ತು ಸಿಗಬೇಕು. ಒಂದ ಸಲ ನೋಡಿದ್ರ ಬರೂವಂಥದ್ದಲ್ಲ ಇದು."

ಬೀಗತಿ ಖಾಲಿ ದಾರವನ್ನು ಬೆರಳಿಗೆ ಸುತ್ತಿದಳು. "ಕಳೆ ತೆಗ್ಯಾಕ ಆಳು ಸಿಗ್ತಾವ. ಹಾಗಲಕಾಯಿ ಕಲಸವ್ರು ಸಿಗಂಗಿಲ್ಲ. ಶ್ರಾವಣ ಮುಗಿಸೇ ಬರಲಿ ಬಿಡ್ರಿ." ಈರಮ್ಮ ನೆಲ ನೋಡಿದಳು, ಕಣ್ಣಲ್ಲಿ ನೀರು ಕಾಣಬಾರದೆಂದು. ನಾನು ಮೇಲಿನ ತೊಲೆ ನೋಡಿದೆ, ಹೆಮ್ಮೆ ಕಾಣಬಾರದೆಂದು. ಆದರೆ ಬೀಗತಿ ಅಷ್ಟಕ್ಕೆ ಬಿಡಲಿಲ್ಲ. "ನಡೀರಿ, ಆ ಗುರುಬಾಯಿನ್ನ ಒಮ್ಮಿ ಕಂಡು ಬರೂಣು."

"ಉಂಡ ಕೂಡಲೇ ಎಲ್ಲಿ ಹೋಗ್ತೀರಿ, ಒಂದೀಟು ಅಡ್ಡಾಗ್ರಿ" ಎನ್ನುತ್ತ ಈರಮ್ಮ ಚಾಪೆ ಹಾಸಿದಳು, ಹಾಸುತ್ತ ನನ್ನತ್ತ ಒಂದು ನೋಟ ಬೀರಿದಳು. ನಾನು ಹಿತ್ತಲಿಗೆ ನಡೆದೆ. ಗೋಡೆಯಾಚೆ ಗುರುಬಾಯಿ ಪಾತ್ರೆ ಬೆಳಗುತ್ತಿದ್ದಳು. ನಡೆದದ್ದನ್ನು ಪಿಸುಮಾತಿನಲ್ಲಿ ಹೇಳಿದೆ.

"ಹಾಗಲಕಾಯಿ?" ಎಂದಳು ಗುರುಬಾಯಿ. "ಅಣ್ಣಾ, ನಮ್ಮ ಮನ್ಯಾಗ ಅದು ಒಲಿ ಏರಿದ್ದೇ ಇಲ್ಲ."

"ಏರಿತ್ತಂತ ತಿಳೀರಿ, ತಂಗೀ. ನೀಲಾ ಶ್ರಾವಣ ಇರೂದು ಈಗ ನಿಮ್ಮ ಬಾಯಾಗದ."

ಮುಳ್ಳು ಹೆರೆಯುವುದರಿಂದ ಹಿಡಿದು ಮುಚ್ಚಳದ ಮೇಲಿನ ನೀರಿನ ತನಕ, ಅವಳಿಗೆ ಗೋಡೆಯ ಮೇಲಿಂದ ಪಾಠ ಹೇಳಿದೆ. ಅವಳು ಬೂದಿ ಮೆತ್ತಿದ ಬೆರಳುಗಳನ್ನು ಮಡಚುತ್ತ ಕೇಳಿದಳು. ಸ್ವಲ್ಪ ಹೊತ್ತಿಗೆ ಬೀಗತಿಯನ್ನು ಕರೆದುಕೊಂಡು ನಾವೆಲ್ಲ ಹೋದಾಗ, ಹುಟ್ಟಿದಾಗಿನಿಂದ ಹಾಗಲಕಾಯಿಯಲ್ಲೇ ಬೆಳೆದವಳಂತೆ ಒಪ್ಪಿಸಿದಳು. ಒಂದೂ ತಪ್ಪಲಿಲ್ಲ. ನನಗೆ ಅವಳ ಬಗ್ಗೆ ಗೌರವ ಹುಟ್ಟಿತು. ಆದರೆ ಕೊನೆಯಲ್ಲಿ, ಪಾಠದಲ್ಲಿ ಇಲ್ಲದ ಒಂದು ಮಾತು ಸೇರಿಸಿದಳು.

"ಎಲ್ಲಾಕಿಂತ ಮುಖ್ಯ ಏನಂದ್ರ, ಯಕ್ಕಾ, ಇದನ್ನ ಮಾಡಾಗ ಗಂಡಸರನ್ನ ಒಲಿ ಕಡಿ ಬಿಡಬಾರದು. ಕೈ ಹಚ್ಚಿದ್ರಂದ್ರ ಕೆಟ್ಟೇ ಹೋಗ್ತದ."

"ಖರೇ ಅದ" ಎಂದಳು ಶರಣಮ್ಮ. "ಖರೇ ಅದ" ಎಂದಳು ಈರಮ್ಮ. ಎಲ್ಲರೂ ನನ್ನ ಕಡೆ ನೋಡಿದ್ದರಿಂದ ನಾನೂ ಖರೇ ಎಂದೆ.

ದೀಪ ಹಚ್ಚುವ ಹೊತ್ತಿಗೆ ಒಂದು ಕೆಲಸ ಉಳಿದಿತ್ತು. ಗುರುಬಾಯಿಯ ಬಟ್ಟಲು ನಮ್ಮಲ್ಲೇ ಇತ್ತು. ಬರಿದಾಗಿ ಕೊಡಬಾರದೆಂದು ಈರಮ್ಮ ಅದರ ತುಂಬ ಶೇಂಗಾದುಂಡಿ ಇಟ್ಟಳು. ಒಳಗೆ ನೀಲಮ್ಮ, ನಾಡಿದ್ದು ಕಟ್ಟುವ ಜೋಕಾಲಿಯ ಹಗ್ಗ ಎಲ್ಲಿದೆಯೆಂದು ಕೇಳುತ್ತಿದ್ದಳು. ಹಗ್ಗ ಹಗ್ಗದ ಜಾಗದಲ್ಲೇ ಇತ್ತು. ನಾನು ಬಟ್ಟಲು ಹಿಡಿದು ಹೋಗಿ, "ನಿಮ್ಮ ಹಾಗಲಕಾಯಿ ಭಾಳ ರುಚಿ ಆಗಿತ್ತಂತ ಬೀಗತಿ ಇನ್ನೂ ಅನ್ನಾಕತ್ಯಾರ್ರಿ" ಎಂದೆ.

"ಏನ್ ರುಚಿ ಬಿಡಣ್ಣಾ" ಎಂದಳು ಗುರುಬಾಯಿ, ಬಟ್ಟಲು ಇಸಿದುಕೊಳ್ಳುತ್ತ. "ಮೊದಲ ಸಲ ಮಾಡಿದ್ದು, ಉಪ್ಪು ಮುಂದಾಗಿತ್ತು. ತಿಕ್ಕಿದ್ದು ಕಾಯಾಗೇ ಇರ್ತದ, ಅದನ್ನ ಮರ್ತು ಹೂರಣಕ್ಕೂ ಹಾಕಿಬಿಟ್ಟಿದ್ದೆ. ಒಂದು ತಿಂದು ನೋಡಿದ ಮ್ಯಾಲೇ ತಿಳೀತು."

ಈ ಮಾತು ಹೇಳಲು ಈರಮ್ಮ ಅವಳಿಗೆ ಯಾವಾಗ ಕಲಿಸಿದಳೋ, ಅಥವಾ ನಿಜವಾಗಿಯೂ ತಿಂದು ನೋಡಿದ್ದಳೋ, ಇವತ್ತಿಗೂ ನನಗೆ ತಿಳಿಯದು. ಮಾಡಿದವಳೇ ಒಪ್ಪಿಕೊಂಡ ಮೇಲೆ ನಾನು ಯಾರು ಅಲ್ಲವೆನ್ನಲು?

"ಹೌದ್ರಿ, ಒಂದೀಟು ಮುಂದಾಗಿತ್ತು. ಮುಂದಿನ ಸಲ ನೋಡಿ ಹಾಕ್ರಿ" ಎಂದು ಹೇಳಿ, ಮನೆಗೆ ಬಂದು, ಬಾಗಿಲಿಗೆ ಅಗಳಿ ಹಾಕಿದೆ.